ಎಡಗೈ ಬಕಲ್

ಅಪ್ಪಾ,

ನಾಳೆ ನಡುಗಡಲಿಗೆ ಮೀನು ಬೇಟೆಗೆ ಹೊರಟಿದ್ದೇನೆ. ಈಟಿ ಬಂದೂಕು, ಉದ್ದದ ಹಗ್ಗ ಎಲ್ಲ ಚೀಲ ಸೇರಿದವು. ಮಂಜು ಕಟ್ಟದಿರಲೆಂದು ಹೊಸ ಮಾಸ್ಕಿನ ಗಾಜಿಗೆ ನೀನು ಹೇಳಿಕೊಟ್ಟಂತೆ ಟೂತ್‌ಪೇಸ್ಟ್ ತಿಕ್ಕಿದೆ. ಕೊನೆಗೆ, ಆಳಕ್ಕೆ ಮುಳುಗಲು ಸೊಂಟಕ್ಕೆ ಭಾರ ಕೊಡುವ ಸೀಸದ ಬೆಲ್ಟ್ ಕಟ್ಟಿ ನೋಡುವಾಗ, ಜೊತೆಗೆ ಬರುವ ಗೆಳತಿ ಹೌಹಾರಿದಳು.

"ಬಕಲ್ ಉಲ್ಟಾ ಹಾಕಿದೀಯಲ್ಲೇ! ನೀರೊಳಗೆ ನಿಂಗೆ ಎಚ್ಚರ ತಪ್ಪಿದ್ರೆ ನಾನು ಹೇಗೆ ಬಿಚ್ಚಿ ನಿನ್ನ ಮೇಲೆ ತರಲಿ?"

ಎಡಚ ಅಪ್ಪನಿಂದ ಕಲಿತರೆ ಇನ್ನೇನಾದೀತು, ಹೇಳು? ಬಲಗೈಯವಳಾದರೂ ನಿನ್ನಂತೆಯೇ ಕಟ್ಟುತ್ತಿದ್ದೆ. ನಿನ್ನ ಬಕಲನ್ನು ಮಗಳೊಬ್ಬಳೇ ಕಣ್ಣು ಮುಚ್ಚಿ ಬಿಚ್ಚಬಲ್ಲಳೆಂದು ನೀನು ಎಲ್ಲರೆದುರು ಜಂಬ ಕೊಚ್ಚಿಕೊಳ್ಳುತ್ತಿದ್ದೆ. ಇಂದು ನನ್ನದನ್ನು ತಿರುಗಿಸಿ ಕಟ್ಟಿಕೊಂಡೆ.

ನೀನು ನೀರಿಗಿಳಿದು ಮತ್ತೆ ಮೇಲೆ ಬಾರದ ಆ ಭಾನುವಾರ ಬೆಳಿಗ್ಗೆ, ಬೆಲ್ಟ್ ಹೆಗಲಿಗೇರಿಸಿ "ಬರ್ತೀಯೇನೇ, ಮಗಳೇ?" ಅಂದೆ. ನಾನು ಹೊದಿಕೆಯೊಳಗಿಂದಲೇ "ಇವತ್ತು ಬೇರೆ ಯಾರನ್ನಾದ್ರೂ ಕರ್ಕೊಂಡು ಹೋಗಪ್ಪಾ" ಅಂದಿದ್ದೆ.