ಹೂವಿಲ್ಲದ ಗಂಟೆ

ಥೆರೇಸ್,

ನಿಮಗೆ ಕನ್ನಡ ಬಾರದು, ಈಗ ನೀವೂ ಇಲ್ಲ. ಅದಕ್ಕೇ ಧೈರ್ಯವಾಗಿ ಬರೆಯುತ್ತಿದ್ದೇನೆ.

ಬೆಳಿಗ್ಗೆ ನಿಮ್ಮ ಮಗಳು ಎರಿಕಾ ಬಂದಿದ್ದಳು. ನಮ್ಮಿಬ್ಬರಿಗೂ ಪರದೇಶವಾದ ಈ ಸರಟೋಗಾದಲ್ಲಿ, ನನ್ನ ಪಕ್ಕದ ನಿಮ್ಮ ಮನೆ ಖಾಲಿ ಮಾಡುತ್ತಿದ್ದಾಳೆ. ನಿಮ್ಮ ಬಾಗಿಲಿಗೆ ತೂಗುಹಾಕಿದ್ದ ಹಸುವಿನ ಗಂಟೆಯನ್ನು ನನಗೆ ಕೊಟ್ಟಳು.

ಆಲ್ಪ್ಸ್ ತಪ್ಪಲಿನ ನಿಮ್ಮೂರಿನ ಬಗ್ಗೆ ಬೇಲಿಯಾಚೆ ನಿಂತು ಎಷ್ಟು ಹೇಳಿದ್ದಿರಿ. ಹಿಂದೆ ಉಪ್ಪಿನ ಗಾಡಿಗಳು ಸಾಗುತ್ತಿದ್ದ ದಾರಿ, ಬೇಸಿಗೆಯೆಲ್ಲ ಬೆಟ್ಟದ ಮೇಲೆ ಮೇಯುವ ಹಸುಗಳು, ಸೆಪ್ಟೆಂಬರಿನಲ್ಲಿ ಅವು ಹೂ ಮುಡಿದು ಊರಿಗೆ ಇಳಿಯುವ ದಿನ. ಪ್ರತಿವರ್ಷ ಆ ದಿನ ಗಂಟೆಗೆ ಹೂ ಸುತ್ತಿ, ನನ್ನನ್ನೂ ನಮ್ಮವರು ಅಚ್ಯುತರನ್ನೂ ಊಟಕ್ಕೆ ಕರೆಯುತ್ತಿದ್ದಿರಿ.

ನಮ್ಮವರು ತೀರಿಕೊಂಡ ವರ್ಷ ಗಂಟೆ ಬೋಳಾಗಿತ್ತು. ಕರೆಯೂ ಬರಲಿಲ್ಲ. ಗಂಡ ಸತ್ತವಳನ್ನು ಹಬ್ಬದಿಂದ ದೂರವಿಡುವುದನ್ನು ಮೈಸೂರಿನಲ್ಲಿ ಕಂಡವಳು ನಾನು. ನೀವೂ ಹಾಗೇ ಎಂದುಕೊಂಡೆ.

"ಅಮ್ಮ, ಪಕ್ಕದ್ಮನೆ ತಾನೆ, ಹೋಗಿ ಮಾತಾಡ್ಸು" ಎಂದಳು ನನ್ನ ಮಗಳು ಗಾರ್ಗಿ.

"ಕರೀದೆ ನಾನು ಹೋಗಲ್ಲ" ಎಂದೆ.

ಮರುವರ್ಷ ಹೂ ಕಟ್ಟಿ, ನೀವೇ ಬಂದು ಬಾಗಿಲು ತಟ್ಟಿದಿರಿ. ನಾನು ಒಳಗೇ ಕುಳಿತಿದ್ದೆ.

ಆ ವರ್ಷ ಗಂಟೆ ಯಾಕೆ ಬೋಳಾಗಿತ್ತು ಎಂದು ಇವತ್ತು ಎರಿಕಾಳನ್ನು ಕೇಳಿದೆ. ಮನೆಯಲ್ಲಿ ಸಾವಾದ ವರ್ಷ ನಿಮ್ಮೂರಲ್ಲಿ ಹಸುಗಳನ್ನು ಸಿಂಗರಿಸುವುದಿಲ್ಲವಂತೆ, ಹಬ್ಬದೂಟವೂ ಇಲ್ಲವಂತೆ.

"ಆ ವರ್ಷ ನಿಮ್ಮನೇಲಿ ಯಾರು ಹೋಗಿದ್ರು?" ಎಂದೆ.

ಅವಳು ನನ್ನನ್ನೇ ನೋಡಿದಳು. "ನಿಮ್ಮ ಅಚ್ಯುತ" ಎಂದಳು.

ಗಂಟೆ ಈಗ ನನ್ನ ಬಾಗಿಲಲ್ಲಿದೆ. ನಾಳೆ ನಿಮ್ಮ ಹಸುಗಳು ಇಳಿಯುವ ದಿನ. ಹಿತ್ತಲ ತುಂಬ ಸೇವಂತಿಗೆ ಅರಳಿದೆ. ಒಂದನ್ನೂ ಕಿತ್ತಿಲ್ಲ.

ಪದ್ಮಜಾ