ದೊಡ್ಡದಾಗದ ಅಕ್ಷರ

ಗೋರೆಗಾಂವ್, ಮಂಗಳವಾರ

ಪ್ರೀತಿಯ ಸೇವಂತಿ ಅಕ್ಕನಿಗೆ,

ನಮಸ್ಕಾರ. ನಿಮಗೆ ಓದಲು ಸುಲಭವಾಗಲೆಂದು ಈ ಪತ್ರವನ್ನು ದೊಡ್ಡ ಅಕ್ಷರದಲ್ಲಿ ಬರೆಯುತ್ತಿದ್ದೇನೆ.

ಕಳೆದ ವಾರ ನೀವು ಫೋನಿನಲ್ಲಿ, "ನಾನು ಬರೆದ ಪುಸ್ತಕಕ್ಕೆ ನೀನು ಮಾಡಿಕೊಟ್ಟ ಇ-ಬುಕ್ಕಿನಲ್ಲಿ ಎಷ್ಟು ಒತ್ತಿದರೂ ಅಕ್ಷರ ದೊಡ್ಡದೇ ಆಗುದಿಲ್ಲ ಮಾರಾಯ. ನನ್ನ ಕಣ್ಣೇ ಹೋಯಿತು ಕಾಣ್ತದೆ. ಎರಡನೇ ಭಾಗ ಇನ್ನು ಬರೆಯುದಿಲ್ಲ" ಎಂದಿರಿ. ಕಾರಣ ನನಗೆ ಆಗಲೇ ಹೊಳೆಯಿತು. ಆದರೂ "ಹೌದಾ ಅಕ್ಕ" ಎಂದಷ್ಟೇ ಹೇಳಿ ಫೋನ್ ಇಟ್ಟೆ.

ತಪ್ಪು ನನ್ನದು. ಪುಟ ಚೆಂದ ಕಾಣಲೆಂದು, ಅದರ ವಿನ್ಯಾಸವನ್ನು ನಿರ್ಧರಿಸುವ ಸಿಎಸ್‌ಎಸ್ ಎಂಬ ಕೋಡಿನಲ್ಲಿ ಅಕ್ಷರದ ಗಾತ್ರವನ್ನು ಯಾರೂ ಬದಲಿಸಲಾಗದಂತೆ ಬಿಗಿದುಬಿಟ್ಟಿದ್ದೆ. ಮರುದಿನ ನಮ್ಮ ಇ-ಬುಕ್ ಆಫೀಸಿನ ಬಾಸ್‌ಗೆ ಹೇಳಿದೆ. "ಠೀಕ್ ಮಾಡಿ ಸುಮ್ಮನಿರು, ಅವರಿಗೆ ಹೇಳಬೇಡ" ಎಂದರು. ಸರಿಮಾಡಿದೆ; ಸುಮ್ಮನಿರಲು ಆಗಲಿಲ್ಲ.

ದಯವಿಟ್ಟು ಫೋನಿನಲ್ಲಿರುವ ಹಳೆಯ ಪುಸ್ತಕ ಅಳಿಸಿ, ಮತ್ತೆ ಡೌನ್‌ಲೋಡ್ ಮಾಡಿಕೊಳ್ಳಿ. ನಿಮ್ಮ ಕಣ್ಣಿಗೆ ಏನೂ ಆಗಿಲ್ಲ ಎನ್ನಲು ನಾನು ಡಾಕ್ಟರನಲ್ಲ, ಒಮ್ಮೆ ತೋರಿಸಿಕೊಳ್ಳಿ. ಆದರೆ ನನ್ನ ತಪ್ಪಿಗೆ ನಿಮ್ಮ ಕಣ್ಣನ್ನು ದೂರಬೇಡಿ.

ಭಾನುವಾರ ಕುರ್ಲಾಕ್ಕೆ, ನಿಮ್ಮ ಮನೆಗೆ ಬರುತ್ತೇನೆ. ಮೊದಲು ಮನಸಾರೆ ಬೈದುಬಿಡಿ. ಆಮೇಲೆ ಎರಡನೇ ಭಾಗವನ್ನು ನೀವು ಹೇಳುತ್ತಾ ಹೋಗಿ, ನಾನು ಬರೆದುಕೊಳ್ಳುತ್ತೇನೆ.

ನಿಮ್ಮ ಮುಂದೆ ತಲೆ ತಗ್ಗಿಸಿರುವ,
ಪ್ರೀತಮ್