ಕಿಟಕಿಯಿಂದ ದಾಟುವ ಊರಗಡಿ

ನೆದರ್ ಕೂಂಬ್
೨೪ ಮೇ ೧೯೭೪

ಪ್ರೀತಿಯ ಅಂಬ್ರೋಸ್‌ಗೆ,

‘ಪ್ರೀತಿಯ’ ಎಂಬುದು ಕೈಗೆ ಅಭ್ಯಾಸವಾಗಿ ಬಂತು, ಅದಕ್ಕೆ ಹೆಚ್ಚಿನ ಅರ್ಥ ಹಚ್ಚಬೇಡ. ನಿನ್ನಕ್ಕನ ಮನೆಯ ಊಟ ಒಗ್ಗಿದೆ ಎಂದು ಕೇಳಿದೆ. ಸಂತೋಷ.

ನಿನ್ನೆ ವರ್ಷಕ್ಕೊಮ್ಮೆ ಊರವರೆಲ್ಲ ಸೇರಿ ಊರಗಡಿ ಸುತ್ತುವ ದಿನ. ಇಪ್ಪತ್ತೆರಡು ವರ್ಷ ಕೋಲು ಹಿಡಿದು ಎಲ್ಲರ ಮುಂದೆ ನಡೆದ ನೀನು ಈ ಸಲ ಬರಲಿಲ್ಲವೆಂದು ಪಾದ್ರಿಗಳು ಕೋಲನ್ನು ಪರ್ಸಿ ಡಾಬ್ಸ್‌ನ ಕೈಗೆ ಕೊಟ್ಟರು. ಪಾಳುಬಿದ್ದ ಮಠದ ಗೋಡೆಯಿಂದ ಹೊರಟು, ಗಡಿಗಲ್ಲುಗಳನ್ನು ಕೋಲಿನಿಂದ ಬಡಿಯುತ್ತ ಒಂಬತ್ತಕ್ಕೆಲ್ಲ ನಮ್ಮ ಹಿತ್ತಿಲಿಗೆ ಬಂದರು. ನಿನ್ನ ಮುತ್ತಾತ ಗಡಿಗೆರೆಯ ಮೇಲೆಯೇ ಮನೆ ಕಟ್ಟಿದ ಪುಣ್ಯಾತ್ಮನಲ್ಲವೆ? ಎಂದಿನಂತೆ ಅಡುಗೆಮನೆಯ ಕಿಟಕಿ ಹತ್ತಿ, ನಮ್ಮ ಮಲಗುವ ಕೋಣೆ ಹಾದು, ಮುಂದಿನ ಕಿಟಕಿಯಿಂದ ಇಳಿಯಬೇಕಿತ್ತು.

ಪರ್ಸಿಯ ತಲೆ ಬಂತು, ಹೆಗಲು ಬಂತು. ಹೊಟ್ಟೆ ಬರಲಿಲ್ಲ.

“ತಳ್ರೋ!” ಎಂದು ಕೂಗಿದ. ಹಿಂದಿನಿಂದ ನಾಲ್ವರು ತಳ್ಳಿದರು. ಒಳಗಿನಿಂದ ನಾನು ಕೈ ಹಿಡಿದು ಎಳೆದೆ. ಆ ಸ್ಥಿತಿಯಲ್ಲೂ ಮೂಗರಳಿಸಿ, “ಹೆಸ್ಟರಕ್ಕಾ, ಬಾಣ್ಲೇಲಿ ಏನೇ ಅದು, ಘಮ್ ಅಂತಿದೆ?” ಎಂದ.

“ಹಂದಿಮಾಂಸ. ನಿಂಗಲ್ಲ, ಈಗಿರೋ ಹೊಟ್ಟೇಗೇ ಜಾಗ ಇಲ್ಲ!”

ಹಳೆಯ ಚರ್ಚು ನೋಡಲು ಲೀಡ್ಸ್‌ನಿಂದ ಬಂದು ಮಹಡಿಯ ಬಾಡಿಗೆ ಕೋಣೆಯಲ್ಲಿ ಇಳಿದಿರುವ ದಂಪತಿ ತಿಂಡಿ ಬಿಟ್ಟೆದ್ದು ಫೋಟೋ ತೆಗೆದರು. “ಇದು ಯಾವ ಕಾಲದ್ದು?” ಎಂದು ಆ ಹೆಂಗಸು ನನ್ನನ್ನು ಕೇಳಿದಳು. ಪರ್ಸಿಗೆ ಐವತ್ತಾದರೂ ಆಗಿರಬೇಕು ಎಂದೆ.

ಕೊನೆಗೆ ಸೊಂಟಕ್ಕೆ ಬೆಣ್ಣೆ ಸವರಿ ಹಿಂದಕ್ಕೆ ಕಿತ್ತರು. ಬಾಗಿಲಿನಿಂದ ಬಾ ಎಂದರೆ ಪಾದ್ರಿಗಳು ಒಪ್ಪಲಿಲ್ಲ. “ಗಡಿ ಇರೋದು ಕಿಟಕೀಲಿ ಕಣಮ್ಮ. ಕೋಲು ಹಿಡಿದೋನು ಅಲ್ಲೇ ದಾಟ್ಬೇಕು.” ಹೀಗಾಗಿ ಮನೆಯೊಳಗಿನ ಹದಿನಾಲ್ಕು ಹೆಜ್ಜೆ ಬಾಕಿ ಉಳಿದಿವೆ. ಭಾನುವಾರ ಪೂರೈಸಬೇಕಂತೆ. “ಅಂಬ್ರೋಸ್‌ಗೆ ಬರಿ, ಅವ್ನು ನುಸುಳ್ತಾನೆ” ಎಂದರು. ಅದಕ್ಕೇ ಈ ಕಾಗದ. ಬೇರೇನೂ ಇಲ್ಲ.

ಬೇರೇನೂ ಇಲ್ಲ ಎಂದು ಬರೆದ ಮೇಲೂ ಪೆನ್ನು ಕೆಳಗಿಡಲಾಗುತ್ತಿಲ್ಲ. ಮಾರ್ಚಿನಲ್ಲಿ ನೀನು ಚರ್ಚಿನ ಗಂಟೆ ಬಾರಿಸಿ ಮನೆಗೆ ಬಂದಾಗ ನಮ್ಮ ಮಂಚದ ಮೇಲೆ ಯಾರೋ ಮೇಷ್ಟ್ರು ಗೊರಕೆ ಹೊಡೆಯುತ್ತಿದ್ದರು. ಅತಿಥಿಗಳು ತುಂಬಿದ್ದರು ನಿಜ. ನಿನ್ನನ್ನು ಕೇಳದೆ ನಮ್ಮ ಕೋಣೆಯನ್ನು ಬಾಡಿಗೆಗೆ ಕೊಟ್ಟದ್ದು ತಪ್ಪು. “ಇದು ಮನೆಯೋ ಛತ್ರವೋ?” ಎಂದೆ ನೀನು. “ಹಂಗಾದ್ರೆ ಈ ಹೊಸ್ತಿಲು ತುಳೀಬೇಡ” ಎಂದೆ ನಾನು. ಗಮನಿಸು, ಹೊಸ್ತಿಲು ಎಂದೆ. ಕಿಟಕಿಯ ಮಾತೆತ್ತಿರಲಿಲ್ಲ.

ಭಾನುವಾರ ಹತ್ತು ಗಂಟೆಗೆ ಅದು ತೆರೆದಿರುತ್ತದೆ.

ನಿನ್ನ,
ಹೆಸ್ಟರ್

ಮರೆತದ್ದು: ಬೇಸಿಗೆಗೆ ನಮ್ಮ ಕೋಣೆ ಬೇಕೆಂದು ಒಬ್ಬರು ಬರೆದಿದ್ದರು. ಖಾಲಿ ಇಲ್ಲ, ಅಲ್ಲಿ ನನ್ನ ಗಂಡ ಮಲಗುತ್ತಾರೆ ಎಂದು ಉತ್ತರ ಹಾಕಿಬಿಟ್ಟಿದ್ದೇನೆ. ನನ್ನನ್ನು ಸುಳ್ಳುಗಾತಿ ಮಾಡಬೇಡ.